ಪ್ರಚಂಡಕ್ಕೆ ಸಮನಾದ ಮಾತು

ಕಹಳೆ ಬಾಯಿ ತೆರೆದನೆಂದರೆ ಮೂರು ಬೀದಿಯಾಚೆ ತೊಟ್ಟಿಲಲ್ಲಿ ಮಲಗಿದ್ದ ಕೂಸು ಎದ್ದು ಕೂರುತ್ತಿತ್ತು. ನಾಲ್ಕನೆಯ ಬೀದಿಯ ಕಿವುಡ ಮುದುಕ ಯಾರೋ ಕರೆದರೆಂದು ಬಾಗಿಲು ತೆಗೆದು ನೋಡುತ್ತಿದ್ದ. ಇದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ. ನಂಬಿಕೆ ಬಾರದಿದ್ದರೆ ಆ ಮುದುಕನನ್ನೇ ಕೇಳಿ, ಆದರೆ ಕೂಗಿ ಕೇಳಿ.

ಅವನ ಕೆಲಸವೇ ಕೂಗುವುದು. ಬಸ್ ಡಿಪೋದ ಹಿಂದೆ, ಒಂದು ಕಾಲಕ್ಕೆ ಸಿಮೆಂಟ್ ಗೋದಾಮಾಗಿದ್ದ ತಗಡಿನ ಶೆಡ್ಡಿನಲ್ಲಿ ಪ್ರತಿ ಶನಿವಾರ ಸಂಜೆ ಕುಸ್ತಿ ನಡೆಯುತ್ತಿತ್ತು. ನಡುವೆ ಸುತ್ತಲೂ ಹಗ್ಗ ಬಿಗಿದ ಅಟ್ಟಣೆ, ಅದರ ಸುತ್ತ ಹಲಗೆ ಬೆಂಚುಗಳು, ಮೇಲೆ ಕೋಳಿಮೊಟ್ಟೆ ಇಟ್ಟರೆ ಮರಿಯಾಗುವಷ್ಟು ಬಿಸಿಯ ದೀಪಗಳು, ಎಲ್ಲೆಲ್ಲೂ ನೋವಿನೆಣ್ಣೆಯ ಘಾಟು. ಕುಸ್ತಿಪಟುಗಳು ಒಳಗೆ ಬರುವಾಗ ಮೈಕು ಹಿಡಿದು ಅವರನ್ನು ಜನಕ್ಕೆ ಪರಿಚಯಿಸುವವನು ಕಹಳೆ. ಮೈಕು ಬರೀ ಶೋಕಿಗೆ. ಅದರ ವೈರು ಕಿತ್ತುಹೋಗಿ ಯಾವ ಕಾಲವಾಗಿತ್ತೋ, ಯಾರ ಗಮನಕ್ಕೂ ಬಂದಿರಲಿಲ್ಲ. ಅವನ ಕೂಗಿಗೆ ಮಾಡಿನ ಸ್ಕ್ರೂಗಳು ಸಡಿಲವಾಗುತ್ತವೆಂದು ಭಾನುವಾರ ಬೆಳಿಗ್ಗೆ ಏಣಿ ಹಾಕಿ ಅವನ್ನೆಲ್ಲ ಮತ್ತೆ ಬಿಗಿ ಮಾಡಿಸುತ್ತಿದ್ದರು.

ಆದರೆ ಅವನ ಅಸಲಿ ಕೆಲಸ ಬೇರೆಯೇ ಇತ್ತು. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಆ ಶೆಡ್ಡಿನಲ್ಲಿ ಯಾರು ಗೆಲ್ಲಬೇಕೆನ್ನುವುದನ್ನು ಯಜಮಾನರು ಮೊದಲೇ ತೀರ್ಮಾನ ಮಾಡುತ್ತಿದ್ದರು. ಹಿಂದೆ ಅದನ್ನು ಕುಸ್ತಿಪಟುಗಳಿಗೆ ಬೆಳಿಗ್ಗೆಯೇ ಹೇಳುತ್ತಿದ್ದರಂತೆ. ಆದರೆ ಕುಸ್ತಿಪಟುವಿನ ಮೈ ಎಷ್ಟು ಬಿಗಿಯೋ ಬಾಯಿ ಅಷ್ಟೇ ಸಡಿಲ. ಒಬ್ಬ ಪುಣ್ಯಾತ್ಮ ಕ್ಷೌರದಂಗಡಿಯಲ್ಲಿ ಕೂತು, "ಇವತ್ತು ನಾನೇ ಗೆಲ್ಲೋದು, ನೀಟಾಗಿ ಶೇವ್ ಮಾಡಪ್ಪ" ಅಂದುಬಿಟ್ಟ. ಸಂಜೆ ಹೊತ್ತಿಗೆ ಬೀದಿ ನಾಯಿಗಳಿಗೂ ಫಲಿತಾಂಶ ಗೊತ್ತಾಗಿತ್ತು. ಅಂದಿನಿಂದ ಹೊಸ ಪದ್ಧತಿ ಬಂತು. ಕುಸ್ತಿಗೆ ಒಂದು ನಿಮಿಷ ಮುಂಚೆ ಯಜಮಾನರು ಕಹಳೆಯ ಕಿವಿಯಲ್ಲಿ ಗೆಲ್ಲಬೇಕಾದವನ ಹೆಸರು ಉಸುರುತ್ತಿದ್ದರು. ಅದನ್ನು ಕಹಳೆ ಇಡೀ ಶೆಡ್ಡಿನೆದುರು, ಶೆಡ್ಡಿಗೆ ತಿಳಿಯದ ಹಾಗೆ, ಕೂಗಿ ಹೇಳುತ್ತಿದ್ದ. ಹೇಗೆಂದರೆ, ಇಬ್ಬರ ಹೆಸರಿಗೂ ಒಂದೊಂದು ವಿಶೇಷಣ ಅಂಟಿಸುತ್ತಿದ್ದ. ಬಲಿಷ್ಠ ಅಂದರೆ ಕೆಳಗಿನ ಮೆಟ್ಟಿಲು. ಪ್ರಬಲ ಅಂದರೆ ನಡುವಿನದು. ಪ್ರಚಂಡ ಅಂದರೆ ತುತ್ತತುದಿ. ಯಾರ ಮಾತು ಮೇಲಿನದೋ ಅವನು ಗೆಲ್ಲಬೇಕು, ಇನ್ನೊಬ್ಬ ಬೀಳಬೇಕು. ಜನ ಸೀಟಿ ಹೊಡೆದು ಮುಗಿಸುವಷ್ಟರಲ್ಲಿ ಇಬ್ಬರಿಗೂ ತಮ್ಮ ಹಣೆಬರಹ ಗೊತ್ತಾಗಿರುತ್ತಿತ್ತು. ತಪ್ಪಿ ಬಿದ್ದವನಿಗೆ ಯಜಮಾನರು ಎರಡು ಬೈಗುಳ ಕೊಟ್ಟು ಬಿಡುತ್ತಿದ್ದರು. ತಪ್ಪಿ ಗೆದ್ದವನಿಗೆ ಮಾತ್ರ ಕ್ಷಮೆಯಿಲ್ಲ. ಹಾಗೆ ಗೆದ್ದವನೊಬ್ಬ ಆ ಇಡೀ ವರ್ಷ ಬೆಂಚು ಒರೆಸಿದ್ದ. ಹೀಗೆ ಆ ಶೆಡ್ಡು ನಿಂತಿದ್ದದ್ದು ಮೂರು ಮಾತಿನ ಮೇಲೆ. ಕಂಬಗಳು ಬರೀ ಅಲಂಕಾರಕ್ಕೆ.

ಈ ಮೂರರಲ್ಲಿ ಒಂದೇ ಒಂದು ಮಾತು ಕೇಳಿ ಕೂದಲು ನರೆಸಿಕೊಂಡವನು ಕಹಳೆಯ ಹೆಂಡತಿಯ ಅಣ್ಣ. ಜನ ಅವನನ್ನು ಚಾಪೆ ಅನ್ನುತ್ತಿದ್ದರು, ಏಕೆಂದರೆ ಅವನನ್ನು ನಿಂತಿರುವ ಭಂಗಿಯಲ್ಲಿ ನೋಡಿದವರು ಕಡಿಮೆ. ಎಷ್ಟೋ ವರ್ಷಗಳಿಂದ ಅವನು ಬಲಿಷ್ಠ, ಎದುರಿನವನು ಪ್ರಬಲ ಅಥವಾ ಪ್ರಚಂಡ. ಬೀಳುವುದರಲ್ಲಿ ಅವನನ್ನು ಮೀರಿಸುವವನು ಭೂಮಿಯ ಮೇಲೆ ಇರಲಿಲ್ಲ. ಅವನು ಬಿದ್ದರೆ ಹಿಂದಿನ ಬೆಂಚಿನ ಹೆಂಗಸರು ಕಣ್ಣೀರು ಹಾಕುತ್ತಿದ್ದರು, ಮುಂದಿನ ಬೆಂಚಿನ ಗಂಡಸರು ತಮ್ಮ ಸೊಂಟ ಹಿಡಿದುಕೊಳ್ಳುತ್ತಿದ್ದರು, ಅವನಿಗೆ ಮಾತ್ರ ಕೂದಲೂ ಕೊಂಕುತ್ತಿರಲಿಲ್ಲ. ಈಗ ಮಂಡಿ ಕೈಕೊಟ್ಟಿತ್ತು. ಬರುವ ಶನಿವಾರ ಅವನ ಕೊನೆಯ ಕುಸ್ತಿ. ಆಮೇಲೆ ಗೇಟಿನಲ್ಲಿ ಕೂತು ಟಿಕೆಟ್ ಹರಿಯುವ ಕೆಲಸ.

"ರೀ, ಈ ಸಲ ನಮ್ಮಣ್ಣ ಗೆಲ್ಲಬೇಕು," ಅಂದಳು ಹೆಂಡತಿ.

ಅವಳು ಹೊಲಿಗೆ ಮಷಿನ್ನಿನ ಮುಂದೆ ಕೂತು ಕುಸ್ತಿಪಟುಗಳ ಚಡ್ಡಿ ರಿಪೇರಿ ಮಾಡುತ್ತಿದ್ದಳು. ಆ ಶೆಡ್ಡಿನ ಅಷ್ಟೂ ಚಡ್ಡಿ ಅವಳ ಕೈಯದೇ. ಹಾಗಾಗಿ ಅಲ್ಲಿನ ಒಳಗುಟ್ಟು ಅವಳಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ.

"ಅದು ನನ್ನ ಕೈಲಿದ್ಯೇನೆ? ಯಜಮಾನ್ರು ಹೇಳಿದವ್ರು ಗೆಲ್ತಾರೆ."

"ಯಜಮಾನ್ರು ನಿಮ್ಮ ಕಿವೀಲಿ ಹೇಳೋದು. ಕುಸ್ತಿಯವ್ರು ಕೇಳಿಸ್ಕೊಳ್ಳೋದು ನಿಮ್ಮ ಬಾಯಿಂದ. ಕಿವಿಗೂ ಬಾಯಿಗೂ ಮಧ್ಯೆ ಒಂದು ತಲೆ ಇದೆಯಲ್ಲ, ಅದನ್ನ ಒಂದ್ಸಲ ಬಳಸಿ."

"ಕೆಲಸ ಹೋಗುತ್ತೆ ಕಣೇ!"

"ನಂಗೆ ಅಣ್ಣ ಅಂತ ಇರೋನು ಅವನೊಬ್ಬನೇ. ಜನರ ಮುಂದೆ ಒಂದ್ಸಲ ಕೈ ಎತ್ತಿಸ್ಕೊಳ್ಳದೇ ಅವ್ನು ಟಿಕೆಟ್ ಹರಿಯೋಕೆ ಕೂತ್ರೆ..." ಮಷಿನ್ನು ತುಳಿದಳು. ಅದು ಟಕಟಕಟಕ ಎಂದು ಉಳಿದದ್ದನ್ನೆಲ್ಲ ಹೇಳಿತು.

ಮರುದಿನ ಕಹಳೆ ಯಜಮಾನರ ಕೋಣೆಗೆ ಹೋದ. ಬೀದಿ ನಡುಗಿಸುವ ಗಂಟಲು ಆ ಕೋಣೆಯಲ್ಲಿ ಸೊಳ್ಳೆಯಷ್ಟಾಗುತ್ತಿತ್ತು.

"ಯಜಮಾನ್ರೇ, ನಮ್ಮ ಭಾವಂದು ಕೊನೇ ಕುಸ್ತಿ. ಒಂದೇ ಒಂದ್ಸಲ ಗೆಲ್ಲಿಸಿಬಿಟ್ರೆ..."

ಯಜಮಾನರು ಕುಡಿಯುತ್ತಿದ್ದ ಟೀ ನೆತ್ತಿಗೇರಿತು. "ಏನಯ್ಯಾ, ತಲೆ ನೆಟ್ಟಗಿದ್ಯಾ? ಎದುರಿಗಿರೋದು ಯಾರು? ರೋಲರ್! ಪೋಸ್ಟರ್ ತುಂಬಾ ಅವನದೇ ಮುಖ. ಅವನನ್ನ ಚಾಪೆ ಸೋಲಿಸಿದ್ರೆ ಜನ ಏನಂತಾರೆ ಹೇಳು? ಕುಸ್ತಿಯೆಲ್ಲ ಸುಳ್ಳು, ಮೊದ್ಲೇ ಮಾತಾಡ್ಕೊಂಡು ಆಡಿದ್ದಾರೆ ಅಂತಾರೆ! ಇಷ್ಟು ವರ್ಷ ಪ್ರಾಮಾಣಿಕವಾಗಿ ನಡೆಸ್ಕೊಂಡು ಬಂದಿದ್ದೀನಿ, ಮಾನ ಕಳೀಬೇಡ."

ಕಹಳೆ ಬಾಲ ಮುದುರಿಕೊಂಡು ಹೊರಡಬೇಕು ಅನ್ನುವಷ್ಟರಲ್ಲಿ ಬಾಗಿಲು ದಡಾರೆಂದು ತೆರೆದು ಯಜಮಾನರ ಅಳಿಯ ಒಳಗೆ ಬಂದ.

ಈ ಅಳಿಯನ ಬಗ್ಗೆ ಒಂದು ಮಾತು. ಅವನು ವ್ಯವಹಾರ ಶಾಸ್ತ್ರ ಓದಿದವನು, ಎಷ್ಟು ಓದಿದ್ದನೆಂದರೆ ಅವನ ಕನ್ನಡಕಕ್ಕೂ ಕನ್ನಡಕ ಬೇಕಾಗಿತ್ತು. ಮದುವೆಯಾದ ಮೇಲೆ ಶೆಡ್ಡಿನ ಮ್ಯಾನೇಜರಾಗಿ ಬಂದಿದ್ದ. ಯಜಮಾನರು ಮಗಳನ್ನು ಕೊಡುವಾಗ, ನಮ್ಮದು ಶುದ್ಧ ಕ್ರೀಡೆ, ತೋಳಿನ ಬಲ ಒಂದೇ ಇಲ್ಲಿ ದೊರೆ ಎಂದು ಎದೆ ತಟ್ಟಿಕೊಂಡಿದ್ದರು. ಹುಡುಗ ನಂಬಿದ. ಈಗಲೂ ನಂಬಿದ್ದ. ಶೆಡ್ಡಿನ ಅಷ್ಟೂ ಕೆಲಸದವರಲ್ಲಿ, ಟೀ ಮಾರುವವನನ್ನೂ ಸೇರಿಸಿ, ಕುಸ್ತಿ ನಿಜವೆಂದು ತಿಳಿದಿದ್ದವನು ಮ್ಯಾನೇಜರ್ ಒಬ್ಬನೇ. ಪಾಪದ ಹುಡುಗ, ರೋಲರ್ ಗೆದ್ದಾಗಲೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ.

"ಮಾವ, ನಮ್ಮ ವ್ಯಾಪಾರ ಯಾಕೆ ಕುಗ್ಗಿದೆ ಅಂತ ಕಂಡುಹಿಡಿದೆ," ಎನ್ನುತ್ತ ದಿಂಬಿನಷ್ಟು ದಪ್ಪದ ಪುಸ್ತಕವೊಂದನ್ನು ಮೇಜಿನ ಮೇಲೆ ಧೊಪ್ಪೆಂದು ಇಟ್ಟ. ಸಮಾನಾರ್ಥಕ ಪದಕೋಶ. "ಇವರೇ ಕಾರಣ!" ಬೆರಳು ಕಹಳೆಯ ಮೂಗಿನ ತುದಿಗಿತ್ತು.

"ನಾನೇನು ಮಾಡಿದೆ ಸಾರ್?"

"ಪ್ರತಿ ವಾರ ಅದೇ ಬಲಿಷ್ಠ, ಅದೇ ಪ್ರಬಲ, ಅದೇ ಪ್ರಚಂಡ! ಸವೆದು ಹೋಗಿರೋ ಮಾತು! ಜನಕ್ಕೆ ಬೇಜಾರಾಗಿದೆ. ಈ ಶನಿವಾರದಿಂದ ಆ ಮೂರೂ ನಿಷೇಧ. ಹೊಸ ಪದ ಬರಬೇಕು. ನೋಡಿ, ಇಲ್ಲಿ ಪುಟಗಟ್ಟಲೆ ಇದೆ."

ಕಹಳೆ ಯಜಮಾನರ ಮುಖ ನೋಡಿದ. ಯಜಮಾನರು ಮಾಡು ನೋಡಿದರು. ಅಲ್ಲಿ ಒಂದು ಹಲ್ಲಿ ಇತ್ತು, ಅದೂ ಆಚೆ ನೋಡಿತು.

"ಅಳಿಯಂದಿರೇ," ಯಜಮಾನರು ಗಂಟಲು ಸರಿಮಾಡಿಕೊಂಡರು, "ಅದು ಹಳೇ ರೂಢಿ... ಹುಡುಗ್ರಿಗೂ ಅದೇ ಅಭ್ಯಾಸ..."

"ಮಾವ, ಕೂಗೋ ಮಾತಿಗೂ ಕುಸ್ತಿ ಆಡೋರಿಗೂ ಏನು ಸಂಬಂಧ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಹೇಳಿದರೆ ಅಳಿಯನ ಕಣ್ಣಲ್ಲಿ ಮಾವ ಮೂರು ಕಾಸಿಗೆ ಇಳಿಯುತ್ತಾರೆ.

"ಮತ್ತೆ ಯಾವ ಪದ ಯಾರಿಗೆ ಸಾರ್?" ಕಹಳೆ ಮೆಲ್ಲನೆ ಕೇಳಿದ.

"ಯಾವುದಾದ್ರೂ ಹಾಕಿ. ಎಲ್ಲದರ ಅರ್ಥ ಒಂದೇ ಅಲ್ವಾ?"

ಎಲ್ಲದರ ಅರ್ಥ ಒಂದೇ! ಕಹಳೆಗೆ ಪಿತ್ತ ನೆತ್ತಿಗೇರಿತು. ಅಕ್ಕಿ ಅಂಗಡಿಯವನಿಗೆ ಎಲ್ಲ ಕಾಳೂ ಒಂದೇ ಎಂದ ಹಾಗಾಯಿತು. ಆದರೂ ಪುಸ್ತಕವನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬಂದ. ಅದರ ಭಾರಕ್ಕೆ ಬಸ್ಸು ಒಂದು ಕಡೆಗೆ ವಾಲಿತ್ತು ಎಂದು ಆಮೇಲೂ ಹೇಳುತ್ತಿದ್ದ.

ಮನೆಯಲ್ಲಿ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ಕಹಳೆ ನೆಲದ ಮೇಲೆ ಪುಸ್ತಕ ಹರಡಿಕೊಂಡು ಒಂದೊಂದೇ ಪದವನ್ನು ಹಣ್ಣು ಒತ್ತಿ ನೋಡುವ ಗಿರಾಕಿಯಂತೆ ಎತ್ತಿ ನೋಡಿದ.

"ರಭಸದ."

"ಅದು ನೀರಿಗೆ. ನಲ್ಲಿ ಬಿಟ್ಟಾಗ ಹೇಳೋದು."

"ಬಿರುಸಿನ."

"ರೇಡಿಯೋದಲ್ಲಿ ಹವಾಮಾನ ಓದಿದಂಗಿರುತ್ತೆ. ಜನ ಕೊಡೆ ತರ್ತಾರೆ."

"ಓಜಸ್ವಿ?"

"ಮೂಲೆಮನೆ ಮಗುವಿನ ಹೆಸರು. ಇನ್ನೂ ಹಾಲುಹಲ್ಲು ಬಿದ್ದಿಲ್ಲ ಅದಕ್ಕೆ."

"ಹುರುಪಿನ."

"ಶಾಲೆ ಮಕ್ಕಳ ಓಟಕ್ಕೆ."

"ಸತ್ವಶಾಲಿ."

"ಡಬ್ಬಿ ಮೇಲೆ ಬರ್ದಿರುತ್ತೆ. ಎರಡು ಚಮಚ ಹಾಲಿಗೆ ಹಾಕಿ ಕುಡೀರಿ ಅಂತ."

"ಜಬರ್ದಸ್ತ್!"

"ಬಟ್ಟೆ ಅಂಗಡಿ. ಒಂದು ತಗೊಂಡ್ರೆ ಇನ್ನೊಂದು ಫ್ರೀ."

"ಸ್ಫೋಟಕ?"

"ಪೊಲೀಸ್ನೋರು ಬರ್ತಾರೆ. ಆಮೇಲೆ ನಾನು ಬರಲ್ಲ ಬಿಡಿಸ್ಕೊಂಡು ಬರೋಕೆ."

ಕಹಳೆ ತಲೆ ಮೇಲೆ ಕೈ ಹೊತ್ತು ಕೂತ. ಶಕ್ತಿಗೆ ಇಷ್ಟು ಹೆಸರುಗಳಿವೆ, ಒಂದಕ್ಕಾದರೂ ಚಡ್ಡಿ ಹಾಕಿ ಅಟ್ಟಣೆಯ ಮೇಲೆ ನಿಲ್ಲಿಸುವ ಯೋಗ್ಯತೆ ಇಲ್ಲವಲ್ಲ! ಕೊನೆಗೆ ಈರುಳ್ಳಿ ಮುಗಿದು ಇಬ್ಬರ ಕಣ್ಣಲ್ಲೂ ನೀರಿಳಿಯುವ ಹೊತ್ತಿಗೆ ಮೂರು ಮಾತು ಗಟ್ಟಿಯಾದವು. ಬಲಿಷ್ಠಕ್ಕೆ ಬದಲು ಸದೃಢ. ಪ್ರಬಲಕ್ಕೆ ಬದಲು ಪರಾಕ್ರಮಿ. ಪ್ರಚಂಡಕ್ಕೆ ಬದಲು ಉಗ್ರಪ್ರತಾಪಿ.

"ಮೂರನೇದು ಅಣ್ಣಂಗೆ," ಅಂದಳು ಹೆಂಡತಿ, ಊಟಕ್ಕೆ ಬಡಿಸುವವಳ ಹಾಗೆ.

ಕಹಳೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅನ್ನದೇ ಇರುವುದರಲ್ಲಿ ಅವನು ಕೂಗುವುದಕ್ಕಿಂತಲೂ ನಿಪುಣ.

ಶುಕ್ರವಾರ ಬಟ್ಟೆ ಬದಲಿಸುವ ಕೋಣೆಯಲ್ಲಿ ಪಾಠ ನಡೆಯಿತು. ಸಣ್ಣ ಕಿಟಕಿಯ ಆ ಕೋಣೆಯಲ್ಲಿ ಅಷ್ಟೊಂದು ಕುಸ್ತಿಪಟುಗಳು ಉಸಿರು ಬಿಟ್ಟಾಗ ಗೋಡೆಗಳು ಉಬ್ಬಿ, ಉಸಿರೆಳೆದಾಗ ಒಳಕ್ಕೆ ಬರುತ್ತಿದ್ದವು. ಕಹಳೆ ಮೂರು ಮಾತನ್ನೂ ಹೇಳಿದ. ಕೂಡಲೇ ಜಗಳ ಶುರು.

"ಸದೃಢಾನೇ ದೊಡ್ಡದು," ಅಂದ ಒಬ್ಬ. "ನಂಗೆ ಡಾಕ್ಟರ್ ಬರ್ದು ಕೊಟ್ಟಿದ್ದಾರೆ, ಸೀಲ್ ಹಾಕಿ."

"ಪರಾಕ್ರಮಿ ಅಂದ್ರೆ ನಮ್ಮ ಬೀದಿ ಇಸ್ತ್ರಿ ಅಂಗಡಿ," ಅಂದ ಇನ್ನೊಬ್ಬ. "ಶರ್ಟ್ ಸುಟ್ಟಾಕ್ತಾನೆ ನನ್ಮಗ."

"ನೆನಪಿಟ್ಕೊಳ್ಳೋದು ಹೆಂಗಪ್ಪಾ?" ಎಂದು ಗೋಳಿಟ್ಟವನು ರೋಲರ್. ಹುಡುಗನ ತೋಳು ಆನೆಯ ಕಾಲಿನಷ್ಟಿತ್ತು, ತಲೆಯೊಳಗೆ ಗಾಳಿ ಸರಾಗವಾಗಿ ಓಡಾಡುತ್ತಿತ್ತು, ಮನಸ್ಸು ಮಾತ್ರ ಹತ್ತಿ.

ಆಗ ಮೂಲೆಯಲ್ಲಿ ಮಂಡಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದ ಚಾಪೆ ತಲೆಯೆತ್ತಿದ. "ಸುಲಭ ಕಣ್ರೋ. ಭಾವ ಕೂಗುವಾಗ ಉಗುಳು ಎಷ್ಟು ದೂರ ಹಾರುತ್ತೆ ನೋಡಿ. ಸದೃಢ ಅಂದ್ರೆ ಹಾರಲ್ಲ. ಪರಾಕ್ರಮಿ ಅಂದ್ರೆ ಅಟ್ಟಣೆವರೆಗೆ. ಉಗ್ರಪ್ರತಾಪಿ ಅಂದ್ರೆ ಮೊದಲ್ನೇ ಬೆಂಚು. ದೂರ ಹೋದದ್ದು ದೊಡ್ಡದು."

ಕಹಳೆ ಕೂಗಿ ತೋರಿಸಿದ. ಮೂರನೆಯ ಮಾತಿಗೆ ಎದುರಿನ ಗೋಡೆಯ ಕನ್ನಡಿ ಮಸುಕಾಯಿತು. ಎಲ್ಲರೂ ಒಪ್ಪಿದರು.

ಹುಡುಗರು ಹೋದ ಮೇಲೆ ಕಹಳೆ ಭಾವನ ಪಕ್ಕದಲ್ಲಿ ಕೂತ. "ಭಾವ, ನಿಮ್ಮ ತಂಗಿ ನಾಳೆ ನಿಮ್ಮನ್ನ ಗೆಲ್ಲಿಸ್ಲೇಬೇಕು ಅಂತ ಕೂತಿದ್ದಾಳೆ."

"ಅವಳು ಹುಟ್ಟಿದಾಗಿಂದ್ಲೂ ಹಂಗೇ," ಚಾಪೆ ನಕ್ಕ. "ನನ್ನ ಚಿಂತೆ ಬಿಡಿ ಭಾವ, ನಿಮ್ಮ ಹೊಟ್ಟೆಪಾಡು ನೋಡ್ಕೊಳ್ಳಿ." ಮತ್ತೆ ಮಂಡಿ ಉಜ್ಜಿದ. ಆಮೇಲೆ ಎಣ್ಣೆ ಶೀಷೆಯ ಮುಚ್ಚಳ ತಿರುಗಿಸುತ್ತ, "ಆ ರೆಫರಿ ಕೈ ಹಿಡಿದು ಮೇಲೆತ್ತುತ್ತಾನಲ್ಲ, ಆಗ ತೋಳು ನೋಯುತ್ತಾ ಅಂತ ಒಂದ್ಸಲ ರೋಲರ್‌ನ ಕೇಳಿದ್ದೆ," ಎಂದ. "ಇಲ್ವಂತೆ."



ಶನಿವಾರ ಜನವೋ ಜನ. ಹೊಸ ಮಾತುಗಳ ಸುದ್ದಿಯನ್ನು ಅಳಿಯ ಬೀದಿಬೀದಿಯಲ್ಲಿ ಸಾರಿಸಿದ್ದ. ಬೆಂಚು ಸಾಲದೆ ಜನ ಒಬ್ಬರ ಮಡಿಲಲ್ಲಿ ಒಬ್ಬರು ಕೂತಿದ್ದರು, ಯಾರ ಮಡಿಲಲ್ಲಿ ಯಾರು ಎಂದು ಅವರಿಗೇ ಗೊತ್ತಿರಲಿಲ್ಲ. ಮುಂದಿನ ಸಾಲಿನವರು ರೂಢಿಯಂತೆ ಕರವಸ್ತ್ರ ಹರವಿಕೊಂಡಿದ್ದರು. ಎರಡನೆಯ ಬೆಂಚಿನಲ್ಲಿ ಹೆಂಡತಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕಣ್ಣು ಮಿಟುಕಿಸದೆ ಕೂತಿದ್ದಳು.

ಮೊದಲ ಎರಡು ಕುಸ್ತಿ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಮುಗಿದವು. ಉಗುಳಿನ ಲೆಕ್ಕ ತಪ್ಪಲಿಲ್ಲ. ಬೀಳಬೇಕಾದವರು ಬಿದ್ದರು, ನಿಲ್ಲಬೇಕಾದವರು ನಿಂತರು. ಕೊನೆಯ ಕುಸ್ತಿಗೆ ಮುಂಚೆ ಯಜಮಾನರು ಕಹಳೆಯ ಕಿವಿಗೆ ಬಾಗಿದರು. "ರೋಲರ್. ನೆನಪಿರಲಿ. ಹೆಚ್ಚುಕಮ್ಮಿ ಆದ್ರೆ ನೀನು ನಾಳೆಯಿಂದ ಬಸ್ ಡಿಪೋದಲ್ಲಿ ಊರ ಹೆಸರು ಕೂಗ್ತಿರ್ತೀಯ."

ಅವರು ಆಚೆ ಹೋಗುವುದಕ್ಕೂ ಅಳಿಯ ಈಚೆ ಓಡಿ ಬರುವುದಕ್ಕೂ ಸರಿಹೋಯಿತು. "ಅದ್ಭುತ! ಆದ್ರೆ ಆ ಮೂರು ಪದ ಆಗಲೇ ಬಂದುಹೋದವು. ಕೊನೆ ಕುಸ್ತಿಗೆ ಅವು ಬೇಡ. ಯಾರೂ ಕೇಳಿರಬಾರದು, ಅಂಥದ್ದು ಎರಡು ಬೇಕು!"

"ಸಾರ್, ಈಗ? ನಿಂತ ನಿಲುವಲ್ಲಿ?"

"ಪದಕೋಶ ಓದಿದ್ದೀರಲ್ಲ!"

ಕಹಳೆ ವೈರಿಲ್ಲದ ಮೈಕನ್ನೇ ಒಮ್ಮೆ ಊದಿ ನೋಡಿದ. ಮರುಕ್ಷಣವೇ ಮನಸ್ಸಿನ ಮೂಲೆಯಲ್ಲಿ ಒಂದು ಕಳ್ಳಬೆಕ್ಕು ಬಾಲ ಆಡಿಸಿತು. ಯಾರಿಗೂ ಗೊತ್ತಿಲ್ಲದ ಎರಡು ಮಾತು! ಯಾವುದು ದೊಡ್ಡದೆಂದು ತಿಳಿಯದ ಎರಡು ಮಾತು! ಹಾಗೆ ಕೂಗಿಬಿಟ್ಟರೆ ಗೆದ್ದವನು ತಾನಾಗಿ ಗೆದ್ದ, ಬಿದ್ದವನು ತಾನಾಗಿ ಬಿದ್ದ. ಯಜಮಾನರ ಮುಂದೆ ಅಳಿಯನನ್ನು ತೋರಿಸಬಹುದು, ಹೆಂಡತಿಯ ಮುಂದೆ ಯಜಮಾನರನ್ನು ತೋರಿಸಬಹುದು. ತಾನು ನಡುವಿನಿಂದ ನುಣುಚಿಕೊಳ್ಳಬಹುದು. ಜಗತ್ತಿನಲ್ಲಿ ಇಷ್ಟು ಚಂದದ ಹೇಡಿತನ ಇನ್ನಾರಿಗೂ ಹೊಳೆದಿರಲಾರದು.

ಎದೆ ತುಂಬ ಉಸಿರೆಳೆದುಕೊಂಡ. ಮೊದಲ ಬೆಂಚಿನವರ ಕರವಸ್ತ್ರಗಳು ಅವನ ಕಡೆಗೆ ಹಾರಿ ನಿಂತವು.

"ಒಂದು ಕಡೆ, ಊರ್ಜಸ್ವಲ ರೋಲರ್! ಇನ್ನೊಂದು ಕಡೆ, ದುರ್ದಮ್ಯ ಚಾಪೆ!"

ಎರಡೂ ಒಂದೇ ತೂಕ. ಉಗುಳು ಎರಡಕ್ಕೂ ಹಾರಲಿಲ್ಲ. ಅಳಿಯ ಆನಂದದಿಂದ ಕಣ್ಣು ಮುಚ್ಚಿದ. ಅಟ್ಟಣೆಯ ಮೇಲೆ ಇಬ್ಬರೂ ಬಾಯಿ ಬಿಟ್ಟುಕೊಂಡು ಕಹಳೆಯ ಕಡೆ ನೋಡಿದರು. ಕಹಳೆ ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದ. ಅವನು ಹಾಕಿದ್ದು ಚಪ್ಪಲಿ.

ಕುಸ್ತಿ ಶುರುವಾಯಿತು. ಇಬ್ಬರೂ ಮದುವೆಮನೆಯ ಬಾಗಿಲಲ್ಲಿ ನೀವು ಮೊದಲು, ನೀವು ಮೊದಲು ಎನ್ನುವ ಬೀಗರಂತೆ ಒಬ್ಬರ ಸುತ್ತ ಒಬ್ಬರು ಸುತ್ತಿದರು. ಕುತ್ತಿಗೆ ಹಿಡಿದಾಗ ಪಿಸುಮಾತು ನಡೆಯಿತು.

"ಅಣ್ಣಾ, ದೊಡ್ಡದು ನಂದಾ, ನಿಂದಾ?"

"ನಂಗೇನು ಗೊತ್ತಪ್ಪ! ನಂದು ಏನೋ ರೋಗದ ಹೆಸರಿದ್ದಂಗಿತ್ತು. ನಿಂದೇ ದೊಡ್ಡದಿರಬೇಕು."

"ನಂದು ಬಾಯಲ್ಲೇ ನಿಲ್ಲಲ್ಲ ಅಣ್ಣಾ. ತಪ್ಪಿ ಗೆದ್ರೆ ಬೆಂಚು ಒರೆಸಬೇಕು. ನಾನು ಬೀಳ್ತೀನಿ."

"ಬೇಡ್ವೋ, ನಾನೇ ಬೀಳ್ತೀನಿ. ಅಭ್ಯಾಸ ಇದೆ."

ಹೀಗೆ ತಮ್ಮತಮ್ಮಲ್ಲೇ ಒಬ್ಬರನ್ನೊಬ್ಬರು ಉಳಿಸಲು ಹೋಗಿ ಇಬ್ಬರೂ ಒಟ್ಟಿಗೇ ಬಿದ್ದರು. ಆ ಸದ್ದಿಗೆ ಡಿಪೋದಲ್ಲಿ ಕೆಟ್ಟು ನಿಂತಿದ್ದ ಬಸ್ಸೊಂದು ತಾನಾಗಿಯೇ ಸ್ಟಾರ್ಟ್ ಆಯಿತೆಂದು ಡ್ರೈವರುಗಳು ಹೇಳುತ್ತಾರೆ. ಬಿದ್ದವರು ಏಳಲಿಲ್ಲ. ಎದ್ದವನು ಗೆದ್ದವನಾಗಿಬಿಡುತ್ತಾನಲ್ಲ! ಇಬ್ಬರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮಲಗಿದರು.

ರೆಫರಿಗೆ ಯಾರನ್ನು ಎಣಿಸಬೇಕೋ ತಿಳಿಯಲಿಲ್ಲ. "ಒಂದು..." ಎಂದ. ಯಜಮಾನರತ್ತ ನೋಡಿದ. "ಒಂದೂಕಾಲು..." ಎಂದ. "ಒಂದೂವರೆ..."

"ಏನ್ರೀ ಇದು, ಹಾಲು ಅಳೀತಿದ್ದೀರಾ?" ಹಿಂದಿನಿಂದ ಯಾರೋ ಕೂಗಿದರು. ಶೆಡ್ಡು ಗೊಳ್ಳೆಂದಿತು.

ಅಳಿಯ ಕನ್ನಡಕ ಒರೆಸಿಕೊಳ್ಳುತ್ತ ಗದ್ಗದಿತನಾದ. "ಸಮಬಲ! ಇಬ್ಬರ ಶಕ್ತಿಯೂ ಒಂದಕ್ಕೊಂದು ಡಿಕ್ಕಿ ಹೊಡೆದು ಇಬ್ಬರೂ ಮೂರ್ಛೆ ಹೋಗಿದ್ದಾರೆ! ಮಾತಾಡಿ, ಜನಕ್ಕೆ ಏನಾದ್ರೂ ಹೇಳಿ!"

ಯಜಮಾನರು ಆ ಕಡೆಯಿಂದ ಕೈಯನ್ನು ಗರಗರ ಸುತ್ತುತ್ತಿದ್ದರು: ರೋಲರ್, ರೋಲರ್. ಕಹಳೆ ಹೆಂಡತಿಯತ್ತ ಕದ್ದು ನೋಡಿದ. ಅವಳು ಇವನನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಅಟ್ಟಣೆಯ ಮೇಲಿತ್ತು. ಅವಳು ನೋಡುತ್ತಿದ್ದ ಕಡೆಗೆ ಅವನೂ ನೋಡಿದ.

ಚಾಪೆ ಎಂದಿನಂತೆ ಅಚ್ಚುಕಟ್ಟಾಗಿ ಬಿದ್ದಿದ್ದ. ಎದುರಿನವನ ತಲೆ ಹಲಗೆಯ ಅಂಚಿಗೆ ಬಡಿಯದಿರಲೆಂದು, ಬೀಳುವಾಗಲೇ, ತನ್ನ ಅಂಗೈಯನ್ನು ರೋಲರನ ತಲೆಯಡಿ ತೂರಿಸಿದ್ದ. ಆ ಆನೆಮರಿಯ ತಲೆ ಇಷ್ಟು ಹೊತ್ತೂ ಆ ಅಂಗೈಯ ಮೇಲೆಯೇ ಇತ್ತು. ಬೆರಳುಗಳು ಕೆಂಪಾಗಿದ್ದವು. ಕೈ ಎಳೆದುಕೊಂಡಿರಲಿಲ್ಲ.

ಕಹಳೆಗೆ ಮೈಕು ಭಾರವೆನಿಸಿತು. ಅದನ್ನು ಕೆಳಗಿಟ್ಟ. ಪದಕೋಶದ ಪುಟಗಳು ಅವನ ತಲೆಯಲ್ಲಿ ಒಂದರ ಮೇಲೊಂದು ಮಗುಚಿದವು. ಯಾವುದೂ ಆ ಕೈಗೆ ಹೊಂದಲಿಲ್ಲ. ಉಳಿದದ್ದು ನಿಷೇಧಿಸಿದ ಮೂರರಲ್ಲಿ ಒಂದು.

"ಪ್ರಚಂಡ..." ಎಂದ. ಯಜಮಾನರ ಕೈ ಸುತ್ತುವುದು ನಿಂತಿತು. "ಪ್ರಚಂಡ ಚಾಪೆ!"

ಆ ಕೂಗಿಗೆ ಮಾಡಿನ ಸ್ಕ್ರೂಗಳು ಸಡಿಲವಾಗುವುದಿರಲಿ, ಎರಡು ಮೂರು ಕೆಳಗೇ ಉದುರಿದವು.

ಚಾಪೆ ಒಂದು ಕಣ್ಣು ತೆರೆದ. "ಯಾರು, ನಾನಾ?"

"ನೀನೇ ಅಣ್ಣಾ, ಏಳು ಬೇಗ," ರೋಲರ್ ಮಲಗಿದ್ದಲ್ಲಿಂದಲೇ ನೆಮ್ಮದಿಯಿಂದ ಪಿಸುಗುಟ್ಟಿದ.

ಚಾಪೆ ಎದ್ದು ನಿಂತ. ನಿಂತವನು ಸುಮ್ಮನೆ ನಿಂತೇ ಇದ್ದ. ಗೆಲ್ಲುವುದು ಹೇಗೆಂದು ಅವನಿಗೆ ಬರುತ್ತಿರಲಿಲ್ಲ! ಇಷ್ಟು ವರ್ಷ ಕೆಳಗಿನಿಂದ ಮಾತ್ರ ನೋಡಿದ ವಿದ್ಯೆ ಅದು. ಮದುವೆಗೆ ಬಂದು 'ಹೆಣ್ಣು ಯಾರು' ಎಂದು ಕೇಳುವ ವರನ ಹಾಗೆ ಕೈ ಎಲ್ಲಿಡುವುದೋ ಕಾಲು ಎಲ್ಲಿಡುವುದೋ ತಿಳಿಯದೆ ಒದ್ದಾಡಿದ.

"ಎಡಗಡೆ ಬಾ ಅಣ್ಣಾ," ಕೆಳಗಿನಿಂದ ರೋಲರ್ ಹಲ್ಲು ಕಚ್ಚಿಕೊಂಡು ಹೇಳಿಕೊಟ್ಟ. "ನನ್ನ ಭುಜ ಒತ್ತು. ಅದಲ್ಲ, ಅದು ಕಿವಿ. ಹಾಂ, ಭುಜ. ಈಗ ಎದೆ ಮೇಲೆ ಒರಗು. ಮಂಡಿ ಜೋಪಾನ. ನನ್ನ ಮೇಲೇ ಭಾರ ಹಾಕು, ಪರವಾಗಿಲ್ಲ."

ರೆಫರಿ ಈ ಸಲ ಕಾಲು, ಅರೆ ಎನ್ನದೆ ಮೂರನ್ನೂ ಎಣಿಸಿದ. ಚಾಪೆಯ ಕೈ ಹಿಡಿದು ಮೇಲೆತ್ತಿದ. ಜನ ಎದ್ದು ನಿಂತರು, ಮಡಿಲಲ್ಲಿದ್ದವರು ಉರುಳಿ ಬಿದ್ದರು. ಚಪ್ಪಾಳೆಗೆ ದೀಪಗಳು ತೂಗಾಡಿದವು. ಚಾಪೆ ತನ್ನ ಎತ್ತಿದ ತೋಳನ್ನೇ, ಅದು ಯಾರದೋ ಎಂಬಂತೆ, ತಲೆ ವಾರೆ ಮಾಡಿ ನೋಡುತ್ತಿದ್ದ.

ಯಜಮಾನರು ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. "ನಾಳೆಯಿಂದ ನೀನು ಇಲ್ಲಿಗೆ ಕಾಲಿಡಬೇಡ!"

"ಯಾಕೆ ಮಾವ?" ಅಳಿಯ ಬೆರಗಾದ.

"ಯಾಕಾ? ಇವನು ಹೇಳಿದ್ದಕ್ಕೆ ಚಾಪೆ ಗೆದ್ದ!"

"ಹೇಳಿದ್ರೆ ಯಾರಾದ್ರೂ ಗೆಲ್ತಾರಾ ಮಾವ? ಅವರು ಗೆದ್ದಿದ್ದು ತೋಳಿನ ಬಲದಿಂದ. ನೀವೇ ಹೇಳ್ತಿದ್ರಲ್ಲ."

ಮುಳುಗುತ್ತಿದ್ದ ಯಜಮಾನರಿಗೆ ಒಂದು ಹುಲ್ಲುಕಡ್ಡಿ ಸಿಕ್ಕಿತು. "ನಿಷೇಧ ಮಾಡಿದ ಪದ ಬಳಸ್ದ! ನಿಮ್ಮ ಆಜ್ಞೆ ಮೀರ್ದ!"

"ಅದು ನಿಜ." ಅಳಿಯ ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡು ಗಂಭೀರನಾದ. ಕಹಳೆ ಬಾಗಿಲಿನತ್ತ ಒಂದು ಹೆಜ್ಜೆ ಸರಿದ. "ಆದ್ರೆ ಮಾವ, ಮೂರ್ಛೆ ಹೋದವರು ಆ ಒಂದು ಮಾತಿಗೆ ಎದ್ದು ಗೆದ್ರು. ನಾನು ತಪ್ಪು ತಿಳ್ಕೊಂಡಿದ್ದೆ. ಎಲ್ಲದರ ಅರ್ಥ ಒಂದೇ ಅಲ್ಲ. ಈ ಪದದಲ್ಲಿ ಏನೋ ಇದೆ. ಇಂಥದ್ದನ್ನ ಒಬ್ಬರಿಗೇ ಯಾಕೆ ಕೊಡಬೇಕು? ಮುಂದಿನ ಶನಿವಾರದಿಂದ ಎಲ್ಲರೂ ಪ್ರಚಂಡ! ಈ ಕಡೆಯವನೂ ಪ್ರಚಂಡ, ಆ ಕಡೆಯವನೂ ಪ್ರಚಂಡ!"

ಯಜಮಾನರು ಹತ್ತಿರದ ಬೆಂಚಿನ ಮೇಲೆ ಕುಕ್ಕರಿಸಿದರು. ರೆಫರಿ ಓಡಿಹೋಗಿ ನೀರು ತಂದ. ಕಹಳೆಯನ್ನು ತೆಗೆಯುವ ವಿಷಯ ಆಮೇಲೆ ಯಾರೂ ಎತ್ತಲಿಲ್ಲ. ಎತ್ತಬೇಕಾದವರಿಗೆ ಅದಕ್ಕಿಂತ ದೊಡ್ಡ ತಲೆನೋವು ಬಂದಿತ್ತು.

ಅಳಿಯ ಚಾಪೆಯ ಎರಡೂ ಕೈ ಹಿಡಿದುಕೊಂಡ. "ನೀವು ಬಿಡಬಾರದು! ಈಗ ತಾನೇ ಶುರುವಾಗಿದೆ ನಿಮ್ಮ ಕಾಲ. ಪೋಸ್ಟರ್ ಹಾಕ್ಸೋಣ!"

ಚಾಪೆ ಬೆವರು ಒರೆಸಿಕೊಳ್ಳುತ್ತ ಮೇಲಿನ ದೀಪಗಳ ಕಡೆ ನೋಡಿದ. "ಬೇಡ ಸಾರ್. ಕೆಳಗಡೆ ತಣ್ಣಗಿರುತ್ತೆ. ಮೇಲೆ ಬರೀ ಲೈಟು, ಸೆಕೆ. ಈ ಹುಡುಗ ಹೆಂಗೆ ತಡ್ಕೋತಾನೋ ಪಾಪ." ರೋಲರನ ಬೆನ್ನು ತಟ್ಟಿದ. "ತೋಳು ಮಾತ್ರ ಸ್ವಲ್ಪ ನೋಯುತ್ತೆ ಕಣೋ. ಸುಳ್ಳು ಹೇಳಿದ್ದೆ ನೀನು."

ಹೊರಗೆ ಬರುವಾಗ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಚಾಪೆ ಕುಂಟುತ್ತ ನಡೆದ, ತಂಗಿ ಅವನ ತೋಳು ಹಿಡಿದುಕೊಂಡಿದ್ದಳು, ಆ ಎತ್ತಿದ ತೋಳನ್ನೇ. ಕಹಳೆ ಎದೆ ಉಬ್ಬಿಸಿಕೊಂಡು ಹಿಂದೆ ಬಂದ. ಇಡೀ ಜಗತ್ತನ್ನು ಎತ್ತಿ ಇಟ್ಟು ಬಂದವನ ನಡಿಗೆ ಅದು. ಹೊಗಳಿಕೆಗಾಗಿ ಕಾದ. ಡಿಪೋದ ಗೋಡೆ ದಾಟಿದರು, ಹೊಗಳಿಕೆ ಬರಲಿಲ್ಲ. ಕಡೆಗೆ ಅವನೇ ಕೆಮ್ಮಿದ.

"ಹೆಂಗಿತ್ತು?"

ಹೆಂಡತಿ ತಿರುಗಿ ನೋಡಿದಳು. ಕಣ್ಣು ಕೆಂಪಗಿತ್ತು, ಈರುಳ್ಳಿ ಎಲ್ಲೂ ಇರಲಿಲ್ಲ.

"ಇಷ್ಟೊಂದು ವರ್ಷ ಬೇಕಾಯ್ತೇನ್ರೀ," ಅಂದಳು, "ಒಂದು ಮಾತು ಹೇಳೋಕೆ?"